ಟಾಯ್ಲೆಟ್ ಎಣಿಸುವ ತಪಾಸಣೆ

ಆಫೀಸಿನಲ್ಲಿ ವರ್ಷಕ್ಕೊಂದು ಸಲ ಎಚ್‌ಆರ್ ಕಡೆಯಿಂದ ಮೇಲ್ ಬರುತ್ತೆ: ಶನಿವಾರ ಅನಾಥಾಶ್ರಮಕ್ಕೆ ಭೇಟಿ, ಬರೋರು ಹೆಸರು ಕೊಡಿ. ಕಂಪೆನಿ ಟೀ ಶರ್ಟು, ಕೇಕು, ಮಕ್ಕಳಿಗೆ ಬ್ಯಾಗು, ಕೊನೆಗೊಂದು ಗ್ರೂಪ್ ಫೋಟೊ. ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ಹೋಗಿ ಬಂದ ಯಾರನ್ನಾದರೂ ‘ಆ ಸಂಸ್ಥೆಗೆ ನೋಂದಣಿ ಇದೆಯಾ, ಅದನ್ನ ಯಾರು ತಪಾಸಣೆ ಮಾಡ್ತಾರೆ?’ ಅಂತ ಕೇಳಿ ನೋಡಿ. ಇನ್ನೂರು ರೂಪಾಯಿ ಚಾರ್ಜರ್ ಕೊಳ್ಳೋಕೂ ನಲವತ್ತು ರಿವ್ಯೂ ಓದೋ ಜನ ನಾವು.

ಕಾನೂನು ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆ ಓದಿದರೆ ಬರೆದವರ ಮೇಲೆ ಗೌರವವೇ ಹುಟ್ಟುತ್ತೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ಸರ್ಕಾರದ್ದಿರಲಿ ಖಾಸಗಿಯದ್ದಿರಲಿ, ಅನುದಾನ ಬರಲಿ ಬಿಡಲಿ, ನೋಂದಣಿ ಕಡ್ಡಾಯ. ಮಾಡಿಸದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಹೋಗಲೇಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ವಾರದೊಳಗೆ ವರದಿ. 2016ರ ಮಾದರಿ ನಿಯಮಗಳಂತೂ ಇನ್ನೂ ವಿವರಕ್ಕೆ ಇಳಿಯುತ್ತವೆ. 25 ಮಕ್ಕಳ ಮಲಗುವ ಕೋಣೆ 1,000 ಚದರಡಿ, ಏಳು ಮಕ್ಕಳಿಗೊಂದು ಟಾಯ್ಲೆಟ್, ದಿನಕ್ಕೆ ಇಷ್ಟು ಧಾನ್ಯ, ಇಷ್ಟು ಬೇಳೆ ಅಂತ ಗ್ರಾಮ್ ಲೆಕ್ಕ.

ನನ್ನ ತಕರಾರು ಶುರುವಾಗೋದು ಇಲ್ಲೇ. ಅಳೆಯೋಕೆ ಸುಲಭವಾದದ್ದನ್ನೇ ನಾವು ಅಳೀತೀವಿ. ನನ್ನ ಕೆಲಸದಲ್ಲಿ ಇದನ್ನು ದಿನಾ ನೋಡ್ತೀನಿ. ಇನ್ನೂರು ಟೆಸ್ಟ್ ಕೇಸೂ ಪಾಸ್, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಆ ಕಡೆ ಬಳಸುವವರು ಬೈತಿರ್ತಾರೆ. ಟಾಯ್ಲೆಟ್ ಎಣಿಸಬಹುದು. ಮಗು ರಾತ್ರಿ ಯಾರಿಗೆ ಹೆದರುತ್ತೆ ಅನ್ನೋದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹ ಕಳ್ಳತನದಲ್ಲಿ ನಡೀತಿದ್ದ ಅಡ್ಡೆ ಆಗಿರಲಿಲ್ಲ. ಸರ್ಕಾರದ ದುಡ್ಡಿನಲ್ಲೇ ನಡೀತಿತ್ತು, ಅಧಿಕಾರಿಗಳು ಬಂದು ಹೋಗ್ತಿದ್ದರು. ನಡೆಸುತ್ತಿದ್ದವನು ಒಂದು ಪತ್ರಿಕೆಯ ಮಾಲೀಕ. ಪ್ರೆಸ್ಸೂ ಹುಡುಗಿಯರ ಗೃಹವೂ ಒಂದೇ ಆವರಣದಲ್ಲಿ. ಅಲ್ಲಿನ ಸತ್ಯ ಹೊರಬಿದ್ದದ್ದು ಯಾವ ತ್ರೈಮಾಸಿಕ ತಪಾಸಣೆಯಿಂದಲೂ ಅಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ ರಾಜ್ಯದ 110 ಗೃಹಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿ 2018ರಲ್ಲಿ ವರದಿ ಕೊಟ್ಟಿತು. ಅದರಲ್ಲಿ 17 ಕಡೆ ಗಂಭೀರ ದೂರುಗಳಿದ್ದವು. ಮೇ 31ಕ್ಕೆ ಎಫ್‌ಐಆರ್ ಆಯಿತು. ಆ ತಂಡದ ಕೈಯಲ್ಲಿ ವಿಶೇಷ ಯಂತ್ರವೇನೂ ಇರಲಿಲ್ಲ. ಅವರು ಮಕ್ಕಳ ಜೊತೆ ಕೂತರು, ಮಾತಾಡಿಸಿದರು, ಹೇಳಿದ್ದನ್ನು ನಂಬಿದರು. ಅಷ್ಟೇ.

ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನಿದ್ದ ಹಾಸ್ಟೆಲಿಗೆ ಸಾಹೇಬರು ಬರ್ತಾರೆ ಅಂತ ಹಿಂದಿನ ದಿನವೇ ಗೊತ್ತಾಗ್ತಿತ್ತು. ಬೆಳಿಗ್ಗೆ ಟ್ರಂಕಿನಿಂದ ಹೊಸ ಬೆಡ್‌ಶೀಟು ಹೊರಗೆ ಬರೋವು, ಸಂಜೆ ಎಣಿಸಿ ಮತ್ತೆ ಒಳಗೆ. ಅವತ್ತು ಸಾರಿನಲ್ಲಿ ಬೇಳೆ ಕಾಣೋದು. ‘ಊಟ ಹೆಂಗೈತ್ರೋ?’ ಅಂತ ಸಾಹೇಬರು ಕೇಳಿದಾಗ ವಾರ್ಡನ್ ಪಕ್ಕದಲ್ಲೇ ನಿಂತಿರ್ತಿದ್ದರು. ‘ಚೆನ್ನಾಗೈತೆ ಸಾ’ ಅಂತ ಅರವತ್ತು ಗಂಟಲು ಒಟ್ಟಿಗೆ. ನಮಗಾದರೂ ಹಬ್ಬಕ್ಕೆ ಹೋಗೋಕೆ ಊರಿತ್ತು, ಅವ್ವನ ಹತ್ತಿರ ಹೇಳಿಕೊಳ್ಳಬಹುದಿತ್ತು. ಗೃಹದಲ್ಲಿರೋ ಎಷ್ಟೋ ಮಕ್ಕಳಿಗೆ ಹೇಳಿಕೊಳ್ಳೋಕೆ ಇರೋದು ಅದೇ ವಾರ್ಡನ್.

ನಿಯಮ ಬರೆದವರಿಗೂ ಇದು ಹೊಳೆದಿದೆ. ಅದಕ್ಕೇ ಮಕ್ಕಳ ಸಮಿತಿ ಇರಬೇಕು, ದೂರು-ಸಲಹೆ ಪೆಟ್ಟಿಗೆ ಇರಬೇಕು ಅಂದಿದ್ದಾರೆ. ಆ ಪೆಟ್ಟಿಗೆಯ ಕೀಲಿಕೈ ಯಾರ ಹತ್ತಿರ? ನಿರ್ವಹಣಾ ಸಮಿತಿಯ ಅಧ್ಯಕ್ಷರ ಹತ್ತಿರ, ಅಂದರೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯ ಹತ್ತಿರ. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ಮುಜಫ್ಫರ್‌ಪುರ ಪ್ರಕರಣದಲ್ಲಿ ತಪ್ಪಿತಸ್ಥರೆಂದ 19 ಜನರಲ್ಲಿ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದ ಒಬ್ಬ ಅಧಿಕಾರಿ ಇದ್ದ, ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಅಧ್ಯಕ್ಷನೂ ಒಬ್ಬ ಸದಸ್ಯನೂ ಇದ್ದರು. ಪ್ರೊಡಕ್ಷನ್ ಸರ್ವರಿನ ಅಡ್ಮಿನ್ ಪಾಸ್‌ವರ್ಡನ್ನೂ ಆಡಿಟ್ ಲಾಗನ್ನೂ ಒಬ್ಬನ ಕೈಗೇ ಕೊಟ್ಟರೆ ನಮ್ಮಲ್ಲಿ ಸೆಕ್ಯುರಿಟಿ ಟೀಮು ಮನೆಗೆ ಕಳಿಸುತ್ತೆ. ಒಂದು ಜಿಲ್ಲೆಯಲ್ಲಿ ಮಗುವನ್ನು ಗೃಹಕ್ಕೆ ಕಳಿಸೋರು, ಗೃಹವನ್ನು ನೋಡಿಕೊಳ್ಳೋರು, ದೂರು ಕೇಳೋರು ಎಲ್ಲಾ ಒಂದೇ ಸಣ್ಣ ಬಳಗ. ಶಿಕ್ಷೆ ಜಾಸ್ತಿ ಮಾಡಿದರೆ ಆ ಬಳಗ ಒಡೆಯೋದಿಲ್ಲ. ‘ಕೋಶಿಶ್’ ಥರದ ಹೊರಗಿನವರು ಬರಬೇಕು, ಜಿಲ್ಲೆಗೆ ಸಂಬಂಧವಿಲ್ಲದವರು, ಹೇಳದೇ ಬರೋರು. ವರದಿ ಯಾರು ಬೇಕಾದರೂ ಓದೋ ಹಾಗಿರಬೇಕು, ಮಕ್ಕಳ ಗುರುತು ಮಾತ್ರ ಮುಚ್ಚಿ.

ಇಂಥ ಸುದ್ದಿ ಬಂದಾಗೆಲ್ಲ ‘ಎಲ್ಲಾ ಗೃಹ ಮುಚ್ಚಿಸಿ ಸ್ವಾಮಿ’ ಅನ್ನೋ ಕೂಗೂ ಏಳುತ್ತೆ. ಅದೂ ನನಗೆ ಒಪ್ಪಿಗೆಯಿಲ್ಲ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಗೃಹಗಳ ಮಕ್ಕಳನ್ನು ಕುಟುಂಬಕ್ಕೆ ಮರಳಿಸಿ, ಸಾಧ್ಯವಾದರೆ 100 ದಿನದಲ್ಲಿ, ಅಂದಿತು. ಆ ಎಂಟು ರಾಜ್ಯಗಳ ಗೃಹಗಳಲ್ಲಿ ಆಗ ಸುಮಾರು 1.84 ಲಕ್ಷ ಮಕ್ಕಳಿದ್ದರು. ಮಗು ಮನೆಯಲ್ಲೇ ಬೆಳೆಯಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ, ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಅಂತಲೇ ನೋಡುತ್ತೆ. ಆದರೆ ಅದು ಕೋವಿಡ್ ವರ್ಷ. ಕೆಲಸ ಹೋಗಿ ಬರಿಗೈಲಿ ಊರು ಸೇರಿದ ಮನೆಗಳೆಷ್ಟು! ಬಡತನಕ್ಕೇ ಮಗುವನ್ನು ಬಿಟ್ಟ ಮನೆಗೆ ಮಗುವನ್ನು ವಾಪಸು ಕಳಿಸುವಾಗ ಬಡತನ ಹೋಗಿದೆಯಾ ಅಂತ ಮೊದಲು ನೋಡಬೇಕಲ್ಲ. ಒಂದೊಂದು ಮಗುವಿನ ಮನೆಗೂ ಹೋಗಿ ನೋಡಿ ಬರೆಯೋ ಕೆಲಸ ಅದು, ಸ್ಪ್ರಿಂಟ್ ಡೆಡ್‌ಲೈನ್ ಅಲ್ಲ. ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಮನೆ ಸೇರಿದ ಮಕ್ಕಳ ಓದಿಗೆ ರಾಜ್ಯಗಳು ತಿಂಗಳಿಗೆ 2,000 ರೂಪಾಯಿ ಕೊಡಬೇಕು ಅಂದಿತು. ಮಗುವನ್ನು ಮನೆಗೆ ಬಿಟ್ಟು ಬಂದದ್ದು ಒಂದು ಎಂಟ್ರಿ. ಆರು ತಿಂಗಳ ನಂತರ ಆ ಮಗು ಶಾಲೆಯಲ್ಲಿದೆಯಾ, ಇಟ್ಟಿಗೆ ಗೂಡಿನಲ್ಲಿದೆಯಾ ಅಂತ ನೋಡಿ ಬರೋದು ಇನ್ನೊಂದು ಎಂಟ್ರಿ. ಅದಕ್ಕೂ ಒಬ್ಬ ಮನುಷ್ಯ ಬಸ್ಸು ಹತ್ತಿ ಹೋಗಲೇಬೇಕು.