ನಾಯಕತ್ವದ ಅಳತೆಗೋಲು

ಚರಿತ್ರೆಯನ್ನು ಮಹಾಪುರುಷರೇ ರೂಪಿಸುವರೆಂದು 1841ರ ತಮ್ಮ ಗ್ರಂಥದಲ್ಲಿ ಕಾರ್ಲೈಲರು ಸಾರಿದರು. ನಾಯಕರೂ ಅನುಯಾಯಿಗಳೂ ಪರಸ್ಪರರನ್ನು ನೈತಿಕವಾಗಿ ಮೇಲೆತ್ತಬಲ್ಲರೆಂದು 1978ರಲ್ಲಿ ಅಮೆರಿಕದ ಬರ್ನ್ಸರು ಪ್ರತಿಪಾದಿಸಿದರು. ದೊಡ್ಡ ಹೆಜ್ಜೆಯೇ ಸರಿ. ಆದರೆ ಅವರೂ ನಿದರ್ಶನಗಳನ್ನು ಅರಸಿದ್ದು ಬಹುಮಟ್ಟಿಗೆ ಗಾಂಧೀಜಿ, ರೂಸ್‌ವೆಲ್ಟ್ ಮೊದಲಾದ ಪ್ರಖ್ಯಾತರಲ್ಲಿ.

ಈ ಅಳತೆಗೋಲನ್ನು ನಮ್ಮ ಸೀಮೆಗೆ ತಂದು ನೋಡಿರಿ. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರದ ಗಂಡಸರು ಸೆರೆಮನೆ ಸೇರಿದಾಗ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತವರು ಸ್ತ್ರೀಯರು! ಅವರ ಹೆಸರುಗಳು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳುವಳಿ ಮೊದಲಾಯಿತು. ಪಾಂಡುರಂಗ ಹೆಗಡೆಯವರ ಹೆಸರು ದೂರದವರೆಗೆ ಹಬ್ಬಿತು, ಅದು ನ್ಯಾಯವೇ. ಆದರೆ ಕೊಡಲಿಯೆದುರು ಮರವನ್ನಪ್ಪಿ ನಿಂತ ಹಳ್ಳಿಗರನ್ನು ಬರಿಯ ಅನುಯಾಯಿಗಳೆನ್ನಲು ಹೇಗೆ ಸಾಧ್ಯ? ಬರ್ನ್ಸರ ವಿಭಾಗಕ್ರಮ ಇಲ್ಲಿ ಸಾಲದಾಗುತ್ತದೆ.