ಕ್ಯಾಟ್ ಕೋಚಿಂಗ್: ಕಟ್ಟುವ ದುಡ್ಡಿಗೆ ಸಿಗುವುದೇನು?

ಡಿಗ್ರಿಯ ಕೊನೆಯ ವರ್ಷದಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಜೂನ್–ಜುಲೈ ಹೊತ್ತಿಗೆ ಒಂದೇ ಲೆಕ್ಕಾಚಾರ. ಮಗಳಿಗೋ ಮಗನಿಗೋ ಐಐಎಂ ಸೇರುವ ಆಸೆ. ಅದಕ್ಕೆ ಕ್ಯಾಟ್ ಬರೆಯಬೇಕು. ಕ್ಯಾಟ್ ಬರೆಯಲು ಕೋಚಿಂಗ್ ಬೇಕೇ ಬೇಕಂತೆ. ವಿಚಾರಿಸಿದರೆ ತರಗತಿಯ ಕೋರ್ಸ್‌ಗೆ ಹತ್ತಾರು ಸಾವಿರ ರೂಪಾಯಿ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಇವತ್ತೇ ಕಟ್ಟಿದರೆ ರಿಯಾಯಿತಿ, ನಾಳೆ ಬಂದರೆ ಇಲ್ಲ ಎಂಬ ಮಾತು ಬೇರೆ. ಕೋಚಿಂಗ್ ಸಂಸ್ಥೆಯ ಕೌನ್ಸೆಲಿಂಗ್ ಮೇಜಿನ ಮುಂದೆ ಕೂತ ಅಪ್ಪ–ಅಮ್ಮನಿಗೆ ಯೋಚಿಸಲು ಬಿಡುವೇ ಸಿಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೋರ್ಸುಗಳಲ್ಲಿ ನಿಜವಾಗಿ ಬೆಲೆಬಾಳುವುದು ಅಣಕು ಪರೀಕ್ಷೆಗಳು, ಅಂದರೆ ಮಾಕ್ ಟೆಸ್ಟ್‌ಗಳು. ಅವು ಕೆಲವೇ ಸಾವಿರಕ್ಕೆ ಪ್ರತ್ಯೇಕವಾಗಿಯೂ ಸಿಗುತ್ತವೆ. ಉಳಿದ ಪಾಠ ಕೆಲವರಿಗೆ ತುಂಬಾ ಬೇಕು, ಹೆಚ್ಚಿನವರಿಗೆ ಬೇಡ. ಯಾರಿಗೆ ಬೇಕು ಎನ್ನುವುದು ಗೊತ್ತಾಗಬೇಕಾದರೆ ಪರೀಕ್ಷೆಯ ಒಳಗನ್ನು ನೋಡಬೇಕು.

ಐಐಎಂಗಳು ಸರದಿಯ ಮೇಲೆ ನಡೆಸುವ ಈ ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರ ಬರುತ್ತದೆ. 2009ರಿಂದ ಕಂಪ್ಯೂಟರ್ ಮೇಲೆಯೇ ಬರೆಯಬೇಕು. 2020ರಿಂದ ಎರಡು ಗಂಟೆಯ ಅವಧಿ. ಇಂಗ್ಲಿಷ್ ಓದು, ದತ್ತಾಂಶ–ತರ್ಕ, ಗಣಿತ ಎಂಬ ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಒಂದು ಮುಗಿಸಿ ಇನ್ನೊಂದಕ್ಕೆ ಹೋದ ಮೇಲೆ ಹಿಂದಕ್ಕೆ ಬರುವಂತಿಲ್ಲ. 2024ರಲ್ಲಿ ಒಟ್ಟು 68 ಪ್ರಶ್ನೆ, 204 ಅಂಕ. ಬರೆದವರು ಸುಮಾರು 2.93 ಲಕ್ಷ. 99 ಪರ್ಸೆಂಟೈಲ್ ಎಂದರೆ ಅಷ್ಟು ಜನರಲ್ಲಿ ಮೊದಲ 2,900ರ ಒಳಗೆ ನಿಲ್ಲುವುದು. ಅದಕ್ಕೆ ಬೇಕಾದ ಅಂಕ ಈಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧದ ಆಸುಪಾಸು, ಒಮ್ಮೊಮ್ಮೆ ಅದಕ್ಕೂ ಕಡಿಮೆ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಕೋಚಿಂಗ್ ಬಗ್ಗೆ ಇರುವ ಅರ್ಧ ಗೊಂದಲ ಕಳೆಯುತ್ತದೆ. ಇಲ್ಲಿ ಎಲ್ಲವನ್ನೂ ಬಿಡಿಸಬೇಕಿಲ್ಲ. ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು.

ಗಣಿತದಿಂದಲೇ ಶುರು ಮಾಡೋಣ, ಕೋಚಿಂಗ್‌ನವರು ಗಟ್ಟಿಯಾಗಿರುವುದೂ ಅಲ್ಲಿಯೇ. ಎಸ್ಸೆಸ್ಸೆಲ್ಸಿ ಮುಗಿಸಿ ಕಲಾ ವಿಭಾಗ ಸೇರಿದ ಹುಡುಗಿ ಐದು ವರ್ಷ ಗಣಿತ ಮುಟ್ಟಿರುವುದಿಲ್ಲ. ಶೇಕಡಾ, ಅನುಪಾತ, ಲಾಭ–ನಷ್ಟ, ಕಾಲ ಮತ್ತು ಕೆಲಸ, ಸಮೀಕರಣ, ತ್ರಿಭುಜ ಎಲ್ಲವೂ ಮಸುಕಾಗಿರುತ್ತದೆ. ಆಕೆಗೆ ಒಳ್ಳೆಯ ಮೇಷ್ಟ್ರು ಸಿಕ್ಕರೆ ಮೂರು ತಿಂಗಳಲ್ಲಿ ಅಡಿಪಾಯ ಕಟ್ಟಿಕೊಡಬಲ್ಲರು. ಇದನ್ನು ಕಡಿಮೆ ಅಂದಾಜು ಮಾಡಬಾರದು. ಆದರೆ ಎಷ್ಟೋ ತರಗತಿಗಳಲ್ಲಿ ಅಡಿಪಾಯದ ಜಾಗದಲ್ಲಿ ಸಿಗುವುದು ಶಾರ್ಟ್‌ಕಟ್.

ಒಂದು ಲೆಕ್ಕ ನೋಡಿ. ಊರಿಗೆ ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60 ಕಿ.ಮೀ. ವೇಗ. ಸರಾಸರಿ ವೇಗ ಎಷ್ಟು? ಥಟ್ಟನೆ 50 ಎನ್ನಿಸುತ್ತದೆ, ಉತ್ತರ 48. ನಿಧಾನವಾಗಿ ಹೋದ ಹಾದಿಯಲ್ಲಿ ಹೆಚ್ಚು ಹೊತ್ತು ಕಳೆದದ್ದರಿಂದ ಸರಾಸರಿ ಆ ಕಡೆಗೆ ವಾಲುತ್ತದೆ. ತರಗತಿಯಲ್ಲಿ ಇದಕ್ಕೊಂದು ಸೂತ್ರ ಬರೆಸುತ್ತಾರೆ: ಎರಡು ವೇಗಗಳ ಗುಣಲಬ್ಧವನ್ನು ಇಮ್ಮಡಿ ಮಾಡಿ, ಅವುಗಳ ಮೊತ್ತದಿಂದ ಭಾಗಿಸಿ. ಹತ್ತು ಸೆಕೆಂಡಿನ ಕೆಲಸ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ಹೊರಳುತ್ತದೆ. ಅರ್ಧ ದೂರದ ಬದಲು ಅರ್ಧ ಸಮಯ 40ರಲ್ಲಿ, ಇನ್ನರ್ಧ ಸಮಯ 60ರಲ್ಲಿ ಹೋದ ಎಂದು ಕೊಡುತ್ತಾರೆ. ಈಗ 50 ಎಂಬುದೇ ಸರಿ ಉತ್ತರ. ಸೂತ್ರ ಉರುಹೊಡೆದವನು 48 ಎಂದು ಗುರುತು ಹಾಕಿ ಒಂದು ಅಂಕ ಕಳೆದುಕೊಳ್ಳುತ್ತಾನೆ. ಏಕೆ 48 ಎಂದು ಒಮ್ಮೆ ಅರ್ಥಮಾಡಿಕೊಂಡವನಿಗೆ ಎರಡೂ ಪ್ರಶ್ನೆ ಒಂದೇ. ಡೆಮೊ ಕ್ಲಾಸಿಗೆ ಹೋದಾಗ ನೋಡಬೇಕಾದದ್ದು ಇದನ್ನೇ. ಮೇಷ್ಟ್ರು ಸೂತ್ರ ಬರೆಸಿ ಮುಂದಕ್ಕೆ ಹೋದರೇ, ಅಥವಾ ಅದು ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ತೋರಿಸಿದರೇ?

ಇನ್ನು ಇಂಗ್ಲಿಷ್ ಓದು. 2024ರಲ್ಲಿ ಈ ವಿಭಾಗದ 24 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ನಾಲ್ಕು ಉದ್ದನೆಯ ಗದ್ಯಭಾಗಗಳ ಮೇಲಿದ್ದವು. ಕ್ಯಾಟ್‌ನ ಗದ್ಯಭಾಗಗಳು ತತ್ವಶಾಸ್ತ್ರ, ಮಾನವಶಾಸ್ತ್ರ, ಪರಿಸರ, ಅರ್ಥಶಾಸ್ತ್ರ ಹೀಗೆ ಎಲ್ಲಿಂದಲಾದರೂ ಬರಬಹುದು. ಲೇಖಕ ಯಾವುದನ್ನು ಒಪ್ಪುತ್ತಾನೆ, ಯಾವುದನ್ನು ಒಪ್ಪದೆಯೇ ಉಲ್ಲೇಖಿಸುತ್ತಾನೆ ಎಂಬ ಸೂಕ್ಷ್ಮವನ್ನು ಪ್ರಶ್ನೆಗಳು ಕೆದಕುತ್ತವೆ. ಎರಡು ಆಯ್ಕೆಗಳು ಸುಲಭವಾಗಿ ಬಿದ್ದುಹೋಗುತ್ತವೆ. ಉಳಿದ ಎರಡರ ನಡುವೆ ಓದುಗನ ಪರೀಕ್ಷೆ. ಪ್ರಶ್ನೆಯನ್ನು ಮೊದಲು ಓದಿ, ಪ್ಯಾರಾದ ಮೊದಲ ಸಾಲು ಕೊನೆಯ ಸಾಲು ನೋಡಿ ಎಂಬ ಉಪಾಯಗಳು ಇಲ್ಲಿ ಕೆಲಸಕ್ಕೆ ಬಾರವು. ಓದಿನ ಅಭ್ಯಾಸವೊಂದೇ ಕೈಹಿಡಿಯುವುದು, ಅದು ವಾರಕ್ಕೆರಡು ತರಗತಿಯಲ್ಲಿ ಬರುವಂಥದ್ದಲ್ಲ.

ನನಗೆ ಬಹಳ ನೋವಾಗುವುದು ಈ ವಿಷಯದಲ್ಲಿ. ಕ್ಯಾಟ್ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಹಾವೇರಿಯಿಂದಲೋ ಕೊಪ್ಪಳದಿಂದಲೋ ಬಂದು, ಗಣಿತದಲ್ಲಿ ಚುರುಕಾಗಿರುವ ಮಕ್ಕಳು ಸಾಲ ಮಾಡಿ ಕೋರ್ಸ್ ಸೇರುತ್ತಾರೆ. ಅಲ್ಲಿ ತಮಗೆ ಈಗಾಗಲೇ ಬರುವ ಗಣಿತವನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಓದುವ ವಿಭಾಗದಲ್ಲಿ ಮಾತ್ರ ನಿಂತಲ್ಲೇ ನಿಲ್ಲುತ್ತಾರೆ. ಅಲ್ಲಿ ಕಟ್ ಆಫ್ ದಾಟದಿದ್ದರೆ ಒಟ್ಟು ಪರ್ಸೆಂಟೈಲ್ ಎಷ್ಟಿದ್ದರೂ ಐಐಎಂಗಳಿಂದ ಸಂದರ್ಶನದ ಕರೆ ಬರುವುದಿಲ್ಲ. ಅಂಥವರಿಗೆ ನಾನು ಹೇಳುವುದು ಇಷ್ಟೆ: ಒಂದೂವರೆ ವರ್ಷ ಮೊದಲೇ ದಿನಕ್ಕೊಂದು ಒಳ್ಳೆಯ ಇಂಗ್ಲಿಷ್ ಪ್ರಬಂಧ ಓದಿ, ಅದರ ವಾದವೇನು ಎಂದು ನಾಲ್ಕು ಸಾಲು ಬರೆಯಿರಿ. ಬೇಕಿದ್ದರೆ ಕನ್ನಡದಲ್ಲೇ ಬರೆಯಿರಿ. ವಾದ ಹಿಡಿಯುವ ಶಕ್ತಿ ಭಾಷೆಯಿಂದ ಭಾಷೆಗೆ ಬರುತ್ತದೆ. ಕನ್ನಡದಲ್ಲಿ ಗಂಭೀರ ವಿಮರ್ಶೆ ಓದಿದ ಹುಡುಗ ಇಂಗ್ಲಿಷ್ ಗದ್ಯದಲ್ಲೂ ಪದಗಳ ತೊಡಕು ಕಳೆದ ಮೇಲೆ ಬೇಗ ಮುಂದೆ ಹೋಗುತ್ತಾನೆ.

ದತ್ತಾಂಶ–ತರ್ಕದ ವಿಭಾಗಕ್ಕೆ ಕಲಿಸಬೇಕಾದ ಪಾಠ ಎಂಬುದೇ ಕಡಿಮೆ. ಐದು ಒಗಟುಗಳಿರುತ್ತವೆ ಎಂದುಕೊಳ್ಳಿ. ಎರಡು ಬಿಡಿಸಬಹುದಾದಂಥವು, ಒಂದು ಕಷ್ಟಪಟ್ಟರೆ ಆಗುವಂಥದ್ದು, ಉಳಿದವು 40 ನಿಮಿಷವನ್ನೇ ನುಂಗುವಂಥವು. ಯಾವುದು ಯಾವುದೆಂದು ಮೊದಲ ಐದಾರು ನಿಮಿಷದಲ್ಲಿ ಗುರುತಿಸಬೇಕು. ಈ ಕಣ್ಣು ಗಡಿಯಾರ ಇಟ್ಟುಕೊಂಡು ಮಾಕ್ ಟೆಸ್ಟ್ ಬರೆದೇ ಬರಬೇಕು.

ಅಂಕದ ಲೆಕ್ಕವೂ ಅಷ್ಟೇ. ಸರಿಯಾದರೆ ಮೂರು ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ ಒಂದು ಅಂಕ ಹೋಗುತ್ತದೆ. ಹತ್ತು ಪ್ರಶ್ನೆ ಮುಟ್ಟಿ ಹತ್ತೂ ಸರಿ ಮಾಡಿದವಳಿಗೆ 30. ಇಪ್ಪತ್ತು ಮುಟ್ಟಿ ಹತ್ತು ತಪ್ಪು ಮಾಡಿದವಳಿಗೆ 20. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಿದ ಮೇಲೆ ಊಹೆಯಿಂದ ಸ್ವಲ್ಪ ಲಾಭವಿದೆ. ಉತ್ತರವನ್ನು ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳಲ್ಲಿ ತಪ್ಪಿಗೆ ದಂಡವಿಲ್ಲ. ಅವುಗಳನ್ನು ಖಾಲಿ ಬಿಡುವುದು ಶುದ್ಧ ನಷ್ಟ.

ಹಾಗಾಗಿ ಎರಡು ಗಂಟೆ ಮಾಕ್ ಬರೆದರೆ ಅದನ್ನು ಬಿಚ್ಚಿ ನೋಡಲು ಮೂರು ಗಂಟೆ ಬೇಕು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಗೊತ್ತೇ ಇರದ ಪ್ರಶ್ನೆ, ಗೊತ್ತಿದ್ದೂ ತಪ್ಪು ಮಾಡಿದ ಪ್ರಶ್ನೆ, ಮುಟ್ಟಲೇಬಾರದಿದ್ದ ಪ್ರಶ್ನೆ. ಮೊದಲ ಕಾಲಂ ಉದ್ದವಾಗಿದ್ದರೆ ಪಾಠ ಬೇಕು, ಕೋಚಿಂಗ್ ಸೇರುವುದಕ್ಕೆ ಅರ್ಥವಿದೆ. ಉಳಿದೆರಡು ಉದ್ದವಾಗಿದ್ದರೆ ಯಾವ ತರಗತಿಯೂ ಅದನ್ನು ಸರಿಪಡಿಸಲಾರದು. ದೊಡ್ಡ ಸಂಸ್ಥೆಗಳ ಮಾಕ್‌ಗಳಿಗೆ ದುಡ್ಡು ಕೊಡುವುದು ಸಾರ್ಥಕ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಾವಿರಾರು ಮಂದಿ ಅದೇ ಪತ್ರಿಕೆ ಬರೆದಿರುವುದರಿಂದ ನಾವೆಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಅದನ್ನು ತಿಳಿಯಲಾಗದು.

ಜಾಹೀರಾತುಗಳ ವಿಷಯದಲ್ಲಿ ನನಗೆ ಕನಿಕರವಿಲ್ಲ. ಫಲಿತಾಂಶ ಬಂದ ವಾರ ಒಬ್ಬನೇ ಹುಡುಗನ ಫೋಟೊ ಎರಡು ಮೂರು ಸಂಸ್ಥೆಗಳ ಫ್ಲೆಕ್ಸ್‌ಗಳಲ್ಲಿ ಕಾಣಿಸುವುದು ಹೊಸತೇನಲ್ಲ. ಒಂದು ಕಡೆ ಮಾಕ್ ಬರೆದಿರುತ್ತಾನೆ, ಇನ್ನೊಂದು ಕಡೆ ಸಂದರ್ಶನದ ತಯಾರಿಗೆ ಹೋಗಿರುತ್ತಾನೆ. ಪೂರ್ತಿ ಕೋರ್ಸ್ ಮಾಡಿದವನೆಂದು ನೋಡುವವರು ನಂಬುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನವೆಂಬರ್ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಯ್ಕೆಯಾದ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಆತನ ಹೆಸರು, ಫೋಟೊ ಬಳಸುವಂತಿಲ್ಲ. ಅವನು ಯಾವ ಕೋರ್ಸ್ ತೆಗೆದುಕೊಂಡಿದ್ದ, ಎಷ್ಟು ಅವಧಿಯದು, ಶುಲ್ಕ ಕಟ್ಟಿದ್ದನೇ ಎಂಬುದನ್ನೂ ಹೇಳಬೇಕು. ಫೋಟೊ ತೋರಿಸಿದ ಕೂಡಲೇ ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಪೋಷಕರಿಗಿದೆ. ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿಯೂ ಇದೆ: ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು ಎನ್ನುತ್ತದೆ. ಸೇರುವ ಮುನ್ನ ವಾಪಸಾತಿಯ ನಿಯಮವನ್ನು ಬರಹದಲ್ಲಿ ಪಡೆಯಿರಿ.

ಕೌನ್ಸೆಲಿಂಗ್ ಮೇಜಿನಲ್ಲಿ ಬಾಯಿಬಿಡದ ಮಾತು ಇನ್ನೊಂದಿದೆ. ಬನ್ನೇರುಘಟ್ಟ ರಸ್ತೆಯ ನಮ್ಮ ಐಐಎಂ ಬೆಂಗಳೂರು ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಒಂದನ್ನೇ ನೋಡುವುದಿಲ್ಲ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳಿಗೂ ಅಲ್ಲಿ ತೂಕವಿದೆ, ಕೆಲಸದ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಅಂಕ ಕಡಿಮೆಯಿದ್ದವರಿಗೆ ಕೋಚಿಂಗ್ ಅದನ್ನು ತಿದ್ದಿಕೊಡದು. ಆ ವಿದ್ಯಾರ್ಥಿ ಕ್ಯಾಟ್ ಅಂಕಕ್ಕೆ ಹೆಚ್ಚು ಬೆಲೆ ಕೊಡುವ ಬೇರೆ ಸಂಸ್ಥೆಗಳನ್ನು ಗುರಿಯಾಗಿಟ್ಟುಕೊಳ್ಳಬೇಕು. ಎಂಬಿಎ ಪದವಿಯಷ್ಟೇ ಬೇಕು, ರಾಜ್ಯದೊಳಗೆ ಕಡಿಮೆ ಖರ್ಚಿನಲ್ಲಿ ಓದಬೇಕು ಎನ್ನುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಇದೆ. ಅದಕ್ಕೆ ಕ್ಯಾಟ್ ಮಟ್ಟದ ಕೋರ್ಸ್ ಸೇರುವುದು ಅನಗತ್ಯ ಖರ್ಚು.

ಪೂರ್ತಿ ಕೋರ್ಸ್ ಸೇರಿ ಎಂದು ನಾನು ಹೇಳುವುದು ಇಬ್ಬರಿಗೆ. ಗಣಿತ ಬಿಟ್ಟು ವರ್ಷಗಳಾದವರು ಒಬ್ಬರು. ದಿನವಿಡೀ ಕೆಲಸ ಮಾಡಿ, ಒಂಟಿಯಾಗಿ ಓದಲು ಕೂತರೆ ಮುಂದಕ್ಕೆ ಹಾಕುತ್ತಲೇ ಹೋಗುವವರು ಇನ್ನೊಬ್ಬರು. ಅವರಿಗೆ ಜೊತೆಗಾರರೂ ವೇಳಾಪಟ್ಟಿಯೂ ಪಾಠದಷ್ಟೇ ಮುಖ್ಯ. ಎಂಜಿನಿಯರಿಂಗ್ ಮುಗಿಸಿ, ಇಂಗ್ಲಿಷ್ ಸಲೀಸಾಗಿ ಓದುವವರಿಗೆ ಮಾಕ್ ಸರಣಿ ಮತ್ತು ಹಳೆಯ ಪತ್ರಿಕೆಗಳು ಸಾಕು. ಉಳಿದವರು ತಮ್ಮ ದುರ್ಬಲ ವಿಭಾಗ ಒಂದಕ್ಕೆ ಮಾತ್ರ ಪಾಠ ತೆಗೆದುಕೊಳ್ಳಲಿ.

ಯಾವ ಗುಂಪಿನವರು ಎಂದು ತಿಳಿಯಲು ಕೌನ್ಸೆಲರ್ ಬೇಕಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಈ ಭಾನುವಾರ ಒಂದು ಪತ್ರಿಕೆ ಇಳಿಸಿಕೊಳ್ಳಿ, ಫೋನ್ ಬದಿಗಿಡಿ, ವಿಭಾಗಕ್ಕೆ 40 ನಿಮಿಷದಂತೆ ಎರಡು ಗಂಟೆ ಬರೆಯಿರಿ. ಆ ಅಂಕಗಳನ್ನು ನೋಡುವವರೆಗೆ ಯಾರಿಗೂ ಒಂದು ರೂಪಾಯಿ ಮುಂಗಡ ಕೊಡಬೇಡಿ.