‘ಲಿಹಾಫ್’ ಕಥೆಯಲ್ಲಿ ಔಚಿತ್ಯವಿಚಾರ

ಉರ್ದು ಭಾಷೆಯ ಪ್ರಖ್ಯಾತ ಕಥೆಗಾರ್ತಿ ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ ಎಂಬ ಸಣ್ಣ ಕಥೆಯು 1942ರಲ್ಲಿ ಲಾಹೋರಿನ ‘ಅದಬ್-ಎ-ಲತೀಫ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಿಹಾಫ್ ಎಂದರೆ ರಜಾಯಿ. ಚಳಿಗಾಲದಲ್ಲಿ ಉತ್ತರದೇಶದವರು ಹೊದೆಯುವ, ಹತ್ತಿ ತುಂಬಿದ ದಪ್ಪ ಹೊದಿಕೆ. ಕಥೆಯು ಕೆಲವೇ ಪುಟಗಳದು. ಆದರೂ ಇಷ್ಟು ಚಿಕ್ಕ ಕೃತಿಯೊಂದರ ಮೇಲೆ ಇಷ್ಟು ದೀರ್ಘಕಾಲ ವಾದ ನಡೆದಿರುವುದು ವಿರಳ. ಕೆಲವರಿಗೆ ಅದು ಅಶ್ಲೀಲದ ಮಾದರಿ. ಸ್ತ್ರೀಯರಲ್ಲಿಯೇ ಅನುರಕ್ತರಾದ ಸ್ತ್ರೀಯರ, ಎಂದರೆ ಈಗ ಲೆಸ್ಬಿಯನ್ ಎಂದು ಕರೆಯಲ್ಪಡುವವರ, ಹಕ್ಕುಗಳಿಗಾಗಿ ಹೋರಾಡುವವರಲ್ಲಿ ಅನೇಕರಿಗೆ ಅದು ಆದಿಗ್ರಂಥ. ಈ ಎರಡು ಪಕ್ಷಗಳೂ ಕಥೆಯನ್ನು ಸಾವಧಾನವಾಗಿ ಓದಿವೆಯೇ ಎಂಬುದು ವಿಚಾರಿಸತಕ್ಕ ವಿಷಯ.

ಕಥಾವಸ್ತು ಸರಳವಾದುದು. ಬಡಮನೆತನದ ಬೇಗಂಜಾನಳನ್ನು ವಯಸ್ಸಾದ ನವಾಬನೊಬ್ಬನಿಗೆ ಕೊಟ್ಟು ಮದುವೆ ಮಾಡುವರು. ನವಾಬನು ಹಜ್ ಯಾತ್ರೆ ಮಾಡಿ ಬಂದ ಸದಾಚಾರಿ. ಆತನ ಮನೆಯಲ್ಲಿ ವೇಶ್ಯೆಯೆಂಬ ಮಾತೇ ಇಲ್ಲವೆಂದು ಜನರ ಪ್ರಶಂಸೆ. ಅಲ್ಲಿ ತುಂಬಿರುವವರು ಎಳೆಯ ಪ್ರಾಯದ, ತೆಳುಸೊಂಟದ ವಿದ್ಯಾರ್ಥಿಗಳು. ಅವರ ವೆಚ್ಚವೆಲ್ಲ ನವಾಬನದೇ. ಮದುವೆಯಾದ ಮೇಲೆ ಹೆಂಡತಿಯ ಕಡೆಗೆ ಆತನು ತಿರುಗಿಯೂ ನೋಡನು. ಬೇಗಂಜಾನಳು ಸೊರಗುವಳು, ಮಂತ್ರತಾಯಿತಗಳು ಫಲಿಸವು. ಕಡೆಗೆ ರಬ್ಬೂ ಎಂಬ ದಾಸಿಯು ಮೈಯನ್ನು ತಿಕ್ಕಿ ನೀವುತ್ತ ನೀವುತ್ತ ಆಕೆಗೆ ಜೀವಕಳೆ ಬರುವುದು. ಇದನ್ನೆಲ್ಲ ಹೇಳುವವಳು ಒಬ್ಬ ಹುಡುಗಿ. ದೊಡ್ಡವಳಾದ ಮೇಲೆ ನೆನಪು ಮಾಡಿಕೊಂಡು ಹೇಳುತ್ತಾಳೆ. ತಾಯಿಯು ಆಗ್ರಾಕ್ಕೆ ಹೋಗುವಾಗ ಅವಳನ್ನು ಬೇಗಂಜಾನಳ ಬಳಿಯಲ್ಲಿ ಬಿಟ್ಟು ಹೋಗಿದ್ದಾಳೆ. ರಾತ್ರಿಯಲ್ಲಿ ರಜಾಯಿಯು ಅಲುಗುವುದು. ಗೋಡೆಯ ಮೇಲೆ ಅದರ ನೆರಳು ಆನೆಯಂತೆ ತೂಗುವುದು. ಕೊನೆಗೊಂದು ರಾತ್ರಿ ಹುಡುಗಿಯು ದೀಪ ಹೊತ್ತಿಸುತ್ತಾಳೆ. ರಜಾಯಿಯ ಅಂಚು ಮೇಲಕ್ಕೇಳುತ್ತದೆ. ಆಕೆ ಕಂಡುದೇನೆಂಬುದನ್ನು ಹೇಳದೆಯೇ ಕಥೆಯು ಮುಗಿಯುತ್ತದೆ.

1944ರ ಕೊನೆಗೆ ಗ್ರಂಥಕರ್ತ್ರಿಗೆ ನ್ಯಾಯಾಲಯದಿಂದ ಸಮನ್ಸು ಬಂದಿತು. ಸಾದತ್ ಹಸನ್ ಮಂಟೋ ಅವರ ‘ಬೂ’ ಎಂಬ ಕಥೆಯ ಮೇಲೆಯೂ ಅದೇ ಆರೋಪ. ಇಬ್ಬರೂ ಬೊಂಬಾಯಿಯಿಂದ ಲಾಹೋರಿಗೆ ಹೋಗಬೇಕಾಯಿತು. ಅಲ್ಲಿ ನಡೆದುದನ್ನು ಇಸ್ಮತ್ ತಮ್ಮ ಆತ್ಮಕಥೆಯಲ್ಲಿ ವಿನೋದವಾಗಿ ಬರೆದಿದ್ದಾರೆ. ಕಥೆಯಲ್ಲಿ ಅಶ್ಲೀಲವಾದ ಶಬ್ದವಾವುದೆಂದು ವಕೀಲರು ಕೇಳಲು, ಸಾಕ್ಷಿಯೊಬ್ಬರು ಬಹಳ ಯೋಚಿಸಿ, ಹುಡುಗಿಯರು ಪ್ರಿಯಕರರನ್ನು ಕೂಡಿಹಾಕುತ್ತಾರೆಂಬ ಮಾತನ್ನು ತೋರಿಸಿದರು. ಪ್ರಿಯಕರನೆಂಬ ಶಬ್ದವೇ ಅಶ್ಲೀಲವಾದರೆ ಉರ್ದು ಕಾವ್ಯದ ಗತಿಯೇನು? ಸಾಕ್ಷಿಯು ನಿರುತ್ತರನಾದನು; ಮೊಕದ್ದಮೆಯು ಬಿದ್ದುಹೋಯಿತು.

ತೀರ್ಪು ಒಳ್ಳೆಯದೇ ಆಯಿತು. ವಾದ ಮಾತ್ರ ದುರ್ಬಲವಾದುದು. ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಕೂಡಲೆ ತೋರುವುದು. ಮಮ್ಮಟನು ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಮೂರು ಬಗೆಯ ಅಶ್ಲೀಲವನ್ನು ಹೇಳಿ, ಅದನ್ನು ಪದದೋಷಗಳಲ್ಲಿ ಮಾತ್ರವಲ್ಲದೆ ಅರ್ಥದೋಷಗಳಲ್ಲಿಯೂ ಎಣಿಸಿದ್ದಾನೆ. ಶಬ್ದವು ನಿರ್ಮಲವಾಗಿದೆಯೆಂದು ಸಾಧಿಸಿದ ಮಾತ್ರಕ್ಕೆ ಅರ್ಥದ ಮೇಲಣ ಆಕ್ಷೇಪವು ಪರಿಹಾರವಾಗುವುದಿಲ್ಲ. ‘ಲಿಹಾಫ್’ ಕಥೆಯ ಜೀವವಿರುವುದೋ ಧ್ವನಿಯಲ್ಲಿಯೇ. ಅಲುಗುವ ರಜಾಯಿ, ಗೋಡೆಯ ಮೇಲಣ ಆನೆ, ಕತ್ತಲಲ್ಲಿ ಕೇಳುವ ಸದ್ದು, ಇವುಗಳಿಂದ ವ್ಯಂಗ್ಯವಾದುದನ್ನು ಬಿಟ್ಟರೆ ಅಲ್ಲಿ ಕಥೆಯೇ ಇಲ್ಲ. ಪೆನ್ಸಿಲಿನಿಂದ ಶಬ್ದಗಳ ಕೆಳಗೆ ಗೆರೆ ಎಳೆದು ಇಂತಹ ಕೃತಿಯನ್ನು ಪರೀಕ್ಷಿಸುವುದು ವೀಣೆಯನ್ನು ತೂಕ ಮಾಡಿ ರಾಗವನ್ನು ನಿರ್ಣಯಿಸಿದಂತೆ.

ಹಾಗಾದರೆ ಅರ್ಥದಲ್ಲಿ ಅನೌಚಿತ್ಯವಿದೆಯೇ? ಉಂಟು, ಆದರೆ ಜನರು ತೋರಿಸುವ ಜಾಗದಲ್ಲಲ್ಲ. ರಬ್ಬೂ ತನ್ನ ಮಗನನ್ನು ಕಾಣಲು ಹೋಗಿರುವಾಗ ಬೇಗಂಜಾನಳು ಆ ಹುಡುಗಿಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾಳೆ. ಬೊಂಬೆ, ಮಿಠಾಯಿಗಳ ಆಸೆ ತೋರಿಸುತ್ತಾಳೆ. ಪಕ್ಕೆಲುಬುಗಳನ್ನು ಎಣಿಸುವ ನೆಪದಿಂದ ಮೈಮೇಲೆ ಕೈಯಾಡಿಸುತ್ತಾಳೆ. ಹುಡುಗಿಗೆ ಭಯವಾಗುತ್ತದೆ, ತಾಯಿಯನ್ನು ನೆನೆದು ಅಳುತ್ತಾಳೆ. ಇಡೀ ಕಥೆಯಲ್ಲಿ ಅಕ್ಷಮ್ಯವಾದ ಕೃತ್ಯವು ಇದೊಂದೇ. ಗಂಡಾಗಲಿ ಹೆಣ್ಣಾಗಲಿ, ಅರಿಯದ ಶಿಶುವಿನ ಮೇಲೆ ಕೈಮಾಡುವುದು ಒಂದೇ ಪಾಪ. ಲಾಹೋರಿನ ಸಾಕ್ಷಿಗಳ ಕಣ್ಣಿಗೆ ಬಿದ್ದುದು ಪ್ರಿಯಕರರೆಂಬ ಶಬ್ದ. ಕಥೆಯನ್ನು ಕೊಂಡಾಡುವವರಲ್ಲಿಯೂ ಹಲವರು ಈ ಪುಟವನ್ನು ಬೇಗ ಮಗುಚಿಬಿಡುತ್ತಾರೆ. ಗ್ರಂಥಕರ್ತ್ರಿಯಂತೂ ಅದನ್ನು ಮರೆಮಾಡಿಲ್ಲ. ಹುಡುಗಿಯ ಭೀತಿಯನ್ನು ಯಥಾಸ್ಥಿತವಾಗಿ ಬರೆದಿದ್ದಾರೆ. ಅದು ಅವರ ಪ್ರಾಮಾಣಿಕತೆ.

ಇಬ್ಬರು ಪ್ರೌಢಸ್ತ್ರೀಯರ ಅನುರಾಗದ ವಿಷಯವು ಬೇರೆ. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಶೃಂಗಾರವು ಅನುಚಿತವಾಗುವ ಸ್ಥಳಗಳನ್ನು ಪಟ್ಟಿಮಾಡಿದ್ದಾನೆ: ಉಪನಾಯಕನಲ್ಲಿ, ಗುರುಪತ್ನಿ ಮುನಿಪತ್ನಿಯರಲ್ಲಿ, ಬಹುನಾಯಕರಲ್ಲಿ, ಪ್ರತಿನಾಯಕನಲ್ಲಿ, ಅಧಮಪಾತ್ರರಲ್ಲಿ, ಪಶುಪಕ್ಷಿಗಳಲ್ಲಿ, ಮತ್ತು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ರತಿಯಿದ್ದಾಗ. ಸ್ತ್ರೀಗೆ ಸ್ತ್ರೀಯಲ್ಲಿ ಹುಟ್ಟುವ ರತಿಯು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣದ ಮಾತ್ರಕ್ಕೆ ವಿಶ್ವನಾಥನು ಅದನ್ನು ಒಪ್ಪಿದನೆಂದು ಹೇಳುವುದು ಜಾಣತನವಾದೀತೇ ಹೊರತು ನ್ಯಾಯವಾಗದು. ಪಟ್ಟಿಯ ಕೊನೆಯಲ್ಲಿರುವ ‘ಆದಿ’ ಶಬ್ದದೊಳಗೆ ಪಂಡಿತರು ಏನನ್ನು ಬೇಕಾದರೂ ಅಡಗಿಸಬಲ್ಲರು. ಆದರೆ ಪಟ್ಟಿಯಲ್ಲಿ ಸ್ಪಷ್ಟವಾಗಿರುವ ಒಂದು ಮಾತು ಗಮನಾರ್ಹ: ರತಿಯು ಉಭಯನಿಷ್ಠವಾಗಿರಬೇಕು. ಈ ಅಳತೆಗೋಲಿನಿಂದ ಬೇಗಂಜಾನಳ ಮದುವೆಯನ್ನೇ ಅಳೆದರೆ, ಮೊದಲು ಅನುಚಿತವೆನಿಸುವುದು ಆ ಮದುವೆ.

ಇನ್ನು ಕಥೆಯ ಮುಖ್ಯವಾದ ಕೊರತೆಯನ್ನು ಹೇಳಬೇಕು. ಬೇಗಂಜಾನಳು ರಬ್ಬೂವನ್ನು ಆಶ್ರಯಿಸಿದುದಕ್ಕೆ ಕಥೆಯು ಕೊಡುವ ಕಾರಣವು ಗಂಡನ ಅನಾದರ. ನವಾಬನು ಸರಿಯಾಗಿದ್ದಿದ್ದರೆ ರಬ್ಬೂ ಎಣ್ಣೆಯ ಬಟ್ಟಲನ್ನು ಹಿಡಿದು ಹೊರಗೇ ಇರುತ್ತಿದ್ದಳೆಂಬುದು ಭಾವ. ಇದನ್ನು ಧೀರವಾದ ನವೀನತೆಯೆಂದು ಹೊಗಳಿದ್ದಾರೆ. ಪಾಠಶಾಲೆಗಳಲ್ಲಿ ಕಾಮಸೂತ್ರವನ್ನು ಪಾಠ ಹೇಳುವ ವಾಡಿಕೆಯಿಲ್ಲ. ಮಲ್ಲಿನಾಥನ ವ್ಯಾಖ್ಯಾನಗಳಲ್ಲಿ ವಾತ್ಸ್ಯಾಯನನ ಹೆಸರನ್ನು ಕಂಡು ವಿದ್ಯಾರ್ಥಿಗಳು ತಾವಾಗಿಯೇ ಹುಡುಕಿಕೊಂಡು ಹೋಗಬೇಕು. ಹಾಗೆ ಹೋದವರಿಗೆ ಐದನೆಯ ಅಧಿಕರಣದಲ್ಲಿ ಅಂತಃಪುರದ ಪ್ರಕರಣವೊಂದು ಸಿಕ್ಕುವುದು. ಅರಸನೊಬ್ಬ, ಅರಸಿಯರು ಹಲವರು, ಕಾವಲು ಬಿಗಿ, ಆದಕಾರಣ ಅವರು ದಾಸಿಯರಿಗೂ ಸಖಿಯರಿಗೂ ಪುರುಷವೇಷವನ್ನು ಹಾಕಿ ತೃಪ್ತಿಪಡುವರೆಂದು ಅಲ್ಲಿದೆ. ಒಡತಿ, ದಾಸಿ, ಮುಚ್ಚಿದ ಬಾಗಿಲು, ಇಲ್ಲದ ಗಂಡ: ‘ಲಿಹಾಫ್’ ಕಥೆಯ ಚೌಕಟ್ಟು ಅಲ್ಲಿಯೇ ಸಿದ್ಧವಾಗಿದೆ. ಸ್ತ್ರೀಯರೊಳಗಿನ ಈ ಸಂಬಂಧವು ಪರದೇಶದಿಂದ ಬಂದುದೆನ್ನುವವರಿಗೂ ಇದೇ ಉತ್ತರ. ಮನುವು ಎಂಟನೆಯ ಅಧ್ಯಾಯದಲ್ಲಿ ಇದಕ್ಕೆ ದಂಡವನ್ನು ವಿಧಿಸಿದ್ದಾನೆ. ಇಲ್ಲದುದಕ್ಕೆ ಯಾರೂ ದಂಡವನ್ನು ವಿಧಿಸರು.

ಇಸ್ಮತ್ ಅವರ ಮನಸ್ಸಿನಲ್ಲಿ ಈ ಚೌಕಟ್ಟು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಅವರೇ ಹೇಳಿಕೊಂಡ ಸಂಗತಿಯೊಂದಿದೆ. ಕಥೆಗೆ ಆಧಾರವಾಗಿದ್ದ ಆ ಬೇಗಮಳನ್ನು ಅವರು ಅನೇಕ ವರ್ಷಗಳ ಮೇಲೆ ಒಂದು ಕೂಟದಲ್ಲಿ ಸಂಧಿಸಿದರು. ನೆಲಕ್ಕೆ ಇಳಿದುಹೋಗುವಷ್ಟು ಸಂಕೋಚವಾಯಿತು. ಆ ಬೇಗಮಳಾದರೋ ಓಡಿಬಂದು ಅಪ್ಪಿಕೊಂಡಳು. ನವಾಬನನ್ನು ಬಿಟ್ಟು ಮರುಮದುವೆಯಾಗಿದ್ದುದನ್ನು ತಿಳಿಸಿ, ಚೆಲುವನಾದ ತನ್ನ ಮಗನನ್ನು ತೋರಿಸಿದಳು. ಅದನ್ನು ನೋಡಿ ಬರೆದುದು ಸಾರ್ಥಕವಾಯಿತೆಂದು ಇಸ್ಮತ್ ಹಿಗ್ಗಿದರು. ಆ ಸ್ತ್ರೀಯ ಸುಖವನ್ನು ಕಂಡು ಯಾರೂ ಕರುಬಲಾರರು. ಆದರೆ ಕಥೆಗೆ ದೊರೆತ ಈ ಎರಡನೆಯ ಮುಕ್ತಾಯದಿಂದ ಒಂದು ಸಂಗತಿಯು ಸ್ಪಷ್ಟವಾಗುವುದು: ಗ್ರಂಥಕರ್ತ್ರಿಯ ದೃಷ್ಟಿಯಲ್ಲಿ ರಬ್ಬೂ ಒಂದು ರೋಗದ ಲಕ್ಷಣ, ಔಷಧವೆಂದರೆ ಮತ್ತೊಬ್ಬ ಗಂಡ.

ಐವತ್ತು ವರ್ಷಗಳ ಮೇಲೆಯೂ ಈ ಚೌಕಟ್ಟು ಸಡಿಲವಾಗಲಿಲ್ಲ. ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರವು 1996ರಲ್ಲಿ ತಯಾರಾಗಿ 1998ರ ನವೆಂಬರಿನಲ್ಲಿ ಭಾರತದಲ್ಲಿ ತೆರೆಕಂಡಿತು. ಅದರಲ್ಲಿ ಒಬ್ಬಳ ಗಂಡನು ಸ್ವಾಮಿಯೊಬ್ಬನ ಶಿಷ್ಯನಾಗಿ ಬ್ರಹ್ಮಚರ್ಯವನ್ನು ಹಿಡಿದಿದ್ದಾನೆ. ಇನ್ನೊಬ್ಬಳ ಗಂಡನ ಮನಸ್ಸು ಬೇರೊಬ್ಬಳಲ್ಲಿದೆ. ಆ ಬಳಿಕವೇ ಓರಗಿತ್ತಿಯರು ಪರಸ್ಪರ ಅನುರಕ್ತರಾಗುವರು. ಡಿಸೆಂಬರಿನಲ್ಲಿ ಶಿವಸೇನೆಯವರು ಬೊಂಬಾಯಿ ದೆಹಲಿಗಳ ಚಿತ್ರಮಂದಿರಗಳಿಗೆ ನುಗ್ಗಿ ಗಾಜುಗಳನ್ನು ಒಡೆದರು. ಅದೇ ತಿಂಗಳಲ್ಲಿ ದೆಹಲಿಯ ರೀಗಲ್ ಚಿತ್ರಮಂದಿರದ ಮುಂದೆ ದೀಪ ಹಿಡಿದು ನಿಂತವರಲ್ಲಿ, ತಾವು ಭಾರತೀಯರೂ ಹೌದು ಲೆಸ್ಬಿಯನ್ನರೂ ಹೌದು ಎಂದು ಫಲಕದಲ್ಲಿ ಬರೆದು ತೋರಿಸಿದ ಸ್ತ್ರೀಯರಿದ್ದರು. ಗಂಡನ ಕೊರತೆಯಿಂದ ತಾವು ಹೀಗಾದೆವೆಂದು ಆ ಫಲಕದಲ್ಲಿ ಬರೆದಿರಲಿಲ್ಲ. ಅಂದು ಚಿತ್ರಕ್ಕಿಂತ ಬೀದಿಯು ಮುಂದೆ ಹೋಗಿತ್ತು.

ಇದು ಕಾವ್ಯವಿಚಾರಕ್ಕೆ ಮಾತ್ರ ಸಂಬಂಧಿಸಿದುದೆಂದು ವಾಚಕರು ಭಾವಿಸತಕ್ಕದ್ದಲ್ಲ. ಮದುವೆಯನ್ನು ಬೇಡವೆಂದು, ಗೆಳತಿಯೊಡನೆ ಬಾಳುವೆನೆಂದು ಮಗಳು ಹೇಳಿದ ಮನೆಯಲ್ಲಿ ಹಿರಿಯರು ಮೊದಲು ಕೇಳುವುದು ‘ನಿನಗೆ ಏನು ಕಡಮೆ ಮಾಡಿದೆವಮ್ಮ?’ ಎಂದು. ಏನೋ ಕಡಮೆಯಾಗಿರಬೇಕು, ಒಳ್ಳೆಯ ವರನು ಸಿಕ್ಕಿದರೆ ಸರಿಹೋಗುವುದು ಎಂಬ ಈ ನಂಬಿಕೆಯೇ ‘ಲಿಹಾಫ್’ ಕಥೆಯ ಅಡಿಪಾಯವೂ ಆಗಿದೆ. 1987ರಲ್ಲಿ ಮಧ್ಯಪ್ರದೇಶದ ಪೊಲೀಸ್ ಪಡೆಯ ಇಬ್ಬರು ಸ್ತ್ರೀಯರು ತಮ್ಮೊಳಗೆ ವಿವಾಹವಿಧಿಯನ್ನು ನಡೆಸಿಕೊಂಡು, ಅದರಿಂದ ಕೆಲಸವನ್ನು ಕಳೆದುಕೊಂಡರು. 1860ರ ದಂಡಸಂಹಿತೆಯ 377ನೆಯ ಕಲಮನ್ನು ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮತ್ತೆ ಬಿಗಿಮಾಡಿತು. 2018ರ ಸೆಪ್ಟೆಂಬರ್ 6ರಂದು ತಾನೇ, ವಯಸ್ಕರು ಪರಸ್ಪರ ಸಮ್ಮತಿಯಿಂದ ಬಾಳುವುದು ಅಪರಾಧವಲ್ಲವೆಂದು ತೀರ್ಮಾನಿಸಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. ಅದನ್ನು ಶಾಸನಸಭೆಗೆ ಬಿಟ್ಟಿತು. ನ್ಯಾಯಾಲಯವು ಸೆರೆಮನೆಯ ಭಯವನ್ನು ತಪ್ಪಿಸಬಹುದು. ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ವರಾನ್ವೇಷಣೆಗೆ ಹೊರಡುವ ತಂದೆಯನ್ನು ತಡೆಯುವುದು ಅಷ್ಟು ಸುಲಭವಲ್ಲ. ಅಂತಹ ಮನೆಗಳಲ್ಲಿ ಕಥೆಗಳು ಕಲಮುಗಳಿಗಿಂತ ಹೆಚ್ಚು ಕೆಲಸ ಮಾಡುವುವು.

ಸ್ತ್ರೀಗೆ ಸ್ತ್ರೀಯಲ್ಲಿರುವ ಪ್ರೀತಿಗೆ ಆ ಇನ್ನೊಬ್ಬ ಸ್ತ್ರೀಯೇ ಕಾರಣಳೆಂದು ಬರೆಯುವುದು ಅಸಾಧ್ಯವೇನಲ್ಲ. ಬಾಣನ ಕಾದಂಬರಿಯು, ಮಹಾಶ್ವೇತೆಯು ಶೋಕದಲ್ಲಿರುವವರೆಗೆ ತಾನು ಮದುವೆಯಾಗೆನೆಂದು ವ್ರತ ಹಿಡಿಯುತ್ತಾಳೆ. ತಂದೆತಾಯಿಗಳ ಮಾತೂ ಅಲ್ಲಿ ನಡೆಯದು. ಅದು ಸಖ್ಯ, ರತಿಯಲ್ಲ. ಎರಡನ್ನೂ ಒಂದು ಮಾಡಿ ಬಾಣನ ಮೇಲೆ ಹೊಸ ಮತವನ್ನು ಹೊರಿಸಬೇಕಾಗಿಲ್ಲ. ಆದರೆ ಆ ವ್ರತಕ್ಕೆ ಯಾವ ಗಂಡಸಿನ ಅಭಾವವೂ ಹೇತುವಲ್ಲ. ಮಹಾಶ್ವೇತೆಯ ದುಃಖವೇ ಹೇತು. ನಾಗವರ್ಮನ ಕನ್ನಡ ಕಾದಂಬರಿಯನ್ನು ಓದಿದ ಮನೆಗಳಲ್ಲಿ ಇದು ಯಾರಿಗೂ ವಿಚಿತ್ರವೆನಿಸಿಲ್ಲ. ಇಸ್ಮತ್ ಅವರೇ ‘ಟೇಢೀ ಲಕೀರ್’ ಕಾದಂಬರಿಯಲ್ಲಿ ವಿದ್ಯಾರ್ಥಿನಿಲಯದ ಹುಡುಗಿಯರ ಮೋಹವನ್ನೂ ಮತ್ಸರವನ್ನೂ ಚಿತ್ರಿಸುವಾಗ ಈ ದಾರಿಯ ಹತ್ತಿರಕ್ಕೆ ಬಂದಿದ್ದಾರೆ. ಅಲ್ಲಿ ದೂರಲು ಗಂಡಂದಿರಿಲ್ಲ. ಹುಡುಗಿಯರಿಗೆ ಹುಡುಗಿಯರು ಬೇಕಾಗಿದ್ದಾರೆ, ಅಷ್ಟೆ. ‘ಲಿಹಾಫ್’ ಕಥೆಗೆ ಸಿಕ್ಕಿದ ಕೀರ್ತಿಯಿಂದ ಆ ಪುಟಗಳು ಮರೆಯಾದುದು ಒಂದು ನಷ್ಟ.

ಇಷ್ಟೆಲ್ಲ ಹೇಳಿದ ಮೇಲೆಯೂ ‘ಲಿಹಾಫ್’ ದೊಡ್ಡ ಕಥೆಯೇ. ಮಗುವಿನ ಕಣ್ಣನ್ನು ಆರಿಸಿಕೊಂಡುದರಲ್ಲಿ, ಗೋಡೆಯ ಮೇಲಣ ಆನೆಯನ್ನು ಕಥೆಯ ಮೊದಲಲ್ಲಿಯೂ ಕೊನೆಯಲ್ಲಿಯೂ ನಿಲ್ಲಿಸಿದುದರಲ್ಲಿ, ಒಂದು ಮನೆಯ ಬಿಗಿಯಾದ ಗಾಳಿಯನ್ನು ವಾಚಕನ ಮೂಗಿಗೆ ಮುಟ್ಟಿಸಿದುದರಲ್ಲಿ ಕಥೆಗಾರ್ತಿಯ ಶಕ್ತಿಯು ಅದ್ಭುತವಾದುದು. ಬೇಗಂಜಾನಳ ಒಂಟಿತನವು ಓದಿದವರನ್ನು ಬಿಡುವುದಿಲ್ಲ. ಆದರೆ ರಬ್ಬೂ? ಆಕೆಯು ಕಪ್ಪು, ಆಕೆಯ ಮುಖದಲ್ಲಿ ಸಿಡುಬಿನ ಕಲೆ, ಕೈಗಳು ಚುರುಕು; ನವಾಬನ ಮನೆಯನ್ನು ಬಿಟ್ಟು ಓಡಿಹೋದ ಮಗನೊಬ್ಬನಿದ್ದಾನೆ. ಆ ಮಗನು ಏಕೆ ಓಡಿಹೋದನೆಂಬುದನ್ನು ವಾಚಕನು ತಾನೇ ಊಹಿಸಿಕೊಳ್ಳಬೇಕು. ಹಗಲೆಲ್ಲ ಒಡತಿಯ ಬೆನ್ನು ತಿಕ್ಕುವ ಈ ಹೆಂಗಸಿಗೆ ಬೇಗಂಜಾನಳಲ್ಲಿ ಪ್ರೀತಿಯಿತ್ತೋ, ಭಯವಿತ್ತೋ, ಅಥವಾ ಸಂಬಳ ಮತ್ತು ಸೀರೆಬಟ್ಟೆಗಳ ಲೆಕ್ಕ ಮಾತ್ರವಿತ್ತೋ? ಈ ವಿಷಯದಲ್ಲಿ ಕಥೆಯು ಒಂದು ವಾಕ್ಯವನ್ನೂ ಬರೆದಿಲ್ಲ. ಮಗನನ್ನು ನೋಡಲು ಹೋದ ರಬ್ಬೂ ಕೋಪದ ಮುಖ ಮಾಡಿಕೊಂಡು ಹಿಂದಿರುಗುತ್ತಾಳೆ. ಆ ಕೋಪವು ಯಾರ ಮೇಲೆಂದು ಲಾಹೋರಿನ ವಕೀಲರು ಕೇಳಲಿಲ್ಲ. ಎಂಬತ್ತು ವರ್ಷಗಳ ವಾದದಲ್ಲಿ ಕೇಳಿದವರೂ ಬಹಳ ಮಂದಿಯಿಲ್ಲ.